ಅಂಕಿಯೊಳಗೋ, ಬೀದಿಯಲ್ಲೋ?

1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಹಬ್ಬಿದಾಗ ಸತ್ತವರನ್ನು ವೈದ್ಯ ಜಾನ್ ಸ್ನೋ ನಕ್ಷೆಯ ಮೇಲೆ ಕಪ್ಪು ಗೆರೆಗಳಾಗಿ ಗುರುತಿಸಿದ. ಬ್ರಾಡ್ ಸ್ಟ್ರೀಟಿನ ಪಂಪಿನ ಸುತ್ತ ಗೆರೆಗಳು ಒತ್ತಾಗಿದ್ದವು.

ಇಂದಾದರೆ ವರ್ಚುವಲ್ ರಿಯಾಲಿಟಿ ಸುತ್ತಲಿನದನ್ನೆಲ್ಲ ಮರೆಮಾಡಿ ನಮ್ಮನ್ನು ಆ ಅಂಕಿಗಳೊಳಗೇ ಇಳಿಸುತ್ತದೆ. ಆಗ್ಮೆಂಟೆಡ್ ರಿಯಾಲಿಟಿ ನಿಜವಾದ ಬೀದಿಯ ಮೇಲೆಯೇ ಅವನ್ನು ತೋರಿಸುತ್ತದೆ. ಇಡೀ ಊರಿನ ಚಿತ್ರ ಒಟ್ಟಿಗೆ ಸಿಗಲು ಮೊದಲನೆಯದೇ ಮೇಲು, ಒಪ್ಪುತ್ತೇನೆ.

ಆದರೆ ಪಂಪಿನ ಪಕ್ಕದ ಬ್ರೂವರಿಯ ಕೆಲಸಗಾರರೇಕೆ ಸಾಯಲಿಲ್ಲ? ಸ್ನೋ ಅಲ್ಲಿಗೇ ಹೋಗಿ ಮಾಲೀಕನನ್ನು ಕೇಳಿದ. ಅವರು ಕುಡಿಯುತ್ತಿದ್ದುದು ಬಿಯರ್, ಆ ಪಂಪಿನ ನೀರಲ್ಲ. ಸಾಯದವರಿಗೆ ನಕ್ಷೆಯಲ್ಲಿ ಗೆರೆಯಿಲ್ಲ.

ಹುಡುಕುವಾಗ ಅಂಕಿಯೊಳಗೆ ಮುಳುಗೋಣ. ಇನ್ನೊಬ್ಬರ ಬದುಕನ್ನು ಮುಟ್ಟುವ ತೀರ್ಮಾನ ಮಾಡುವಾಗ ಮಾತ್ರ ಬೀದಿ, ಬಾಗಿಲು, ಅಲ್ಲಿ ನಿಂತವರ ಮುಖ ಕಾಣುತ್ತಿರಬೇಕು ಎಂಬುದು ನನ್ನ ನಂಬಿಕೆ.