ಇಂದಿನ ಧಮ್ಮ ಚಿಂತನೆ: ಗೆದ್ದರೆ ಮಾತ್ರ ಗೆಳೆಯನೇ?



ಮಕ್ಕಳು ಒಟ್ಟಿಗೆ ಆಡಿದರೆ ಜಾತಿ ತಾನಾಗಿ ಹೋಗುತ್ತದೆ ಎನ್ನುವವರಿದ್ದಾರೆ. ಇದು ಎಷ್ಟು ನಿಜ? ಅಮೆರಿಕದ ಒಂದು ಸರ್ಕಾರಿ ಹೈಸ್ಕೂಲಿನ ಉದಾಹರಣೆ ಇಟ್ಟುಕೊಂಡು ಇವತ್ತು ಯೋಚಿಸೋಣ.

ವಾಷಿಂಗ್ಟನ್ ನಗರದ ಪಕ್ಕದಲ್ಲೇ, ನದಿಯಾಚೆ, ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ಎಂಬ ಊರಿದೆ. ಕಪ್ಪು ಮಕ್ಕಳಿಗೆ ಬೇರೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ಅದಾಗಿ 17 ವರ್ಷದ ಮೇಲೆ, 1971ರಲ್ಲಿ, ಊರಿನ ಮೂರು ಹೈಸ್ಕೂಲುಗಳ ಕೊನೆಯ ಎರಡು ತರಗತಿಗಳ ಮಕ್ಕಳನ್ನೆಲ್ಲ ಟಿ.ಸಿ. ವಿಲಿಯಮ್ಸ್ ಹೈಸ್ಕೂಲಿಗೆ ಸೇರಿಸಿದರು. ಅಮೆರಿಕನ್ ಫುಟ್‌ಬಾಲ್ ತಂಡವೂ ಒಂದೇ ಆಯಿತು. ಕಪ್ಪು ಜನಾಂಗದ ಹರ್ಮನ್ ಬೂನ್ ಮುಖ್ಯ ಕೋಚ್ ಆದರು. ಜನಪ್ರಿಯ ಬಿಳಿಯ ಕೋಚ್ ಬಿಲ್ ಯೋಸ್ಟ್ ಅವರ ಕೈಕೆಳಗೆ ಕೆಲಸ ಮಾಡಲು ಒಪ್ಪಿದರು. ತಂಡ ಆ ವರ್ಷ ಆಡಿದ 13 ಪಂದ್ಯಗಳನ್ನೂ ಗೆದ್ದು ರಾಜ್ಯ ಚಾಂಪಿಯನ್ ಆಯಿತು. 2000ದಲ್ಲಿ ಇದೇ ಕಥೆ 'ರಿಮೆಂಬರ್ ದ ಟೈಟನ್ಸ್' ಎಂಬ ಸಿನಿಮಾ ಆಯಿತು.

ಈ ಗೆಲುವು ಸಣ್ಣದಲ್ಲ. ಆದರೆ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ: ಆ ತಂಡ ಸೋತಿದ್ದರೆ? ಆಗಲೂ ಊರು ಆ ಮಕ್ಕಳನ್ನು ಹೀಗೇ ಅಪ್ಪಿಕೊಳ್ಳುತ್ತಿತ್ತೇ?

ಇನ್ನೊಂದು ಸಂಗತಿ ಇದೆ. ಶಾಲೆಗೆ ಯಾರ ಹೆಸರಿತ್ತೋ ಆ ವಿಲಿಯಮ್ಸ್, ಆ ಊರಿನ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದು, ಮಕ್ಕಳನ್ನು ಒಟ್ಟಿಗೆ ಕೂರಿಸುವುದನ್ನೇ ವಿರೋಧಿಸಿದವರು. ಬಿಳಿಯರ ಶಾಲೆಯಲ್ಲಿ ತನ್ನ ಮಕ್ಕಳಿಗೂ ಜಾಗ ಬೇಕೆಂದು ಕೋರ್ಟಿಗೆ ಹೋದ ಶಾಲೆಯ ಅಡುಗೆಯವರು, ಬ್ಲಾಯ್ಸ್ ಹಂಡ್ಲಿ ಎಂಬ ಕಪ್ಪು ತಾಯಿಯನ್ನು 1958ರಲ್ಲಿ ಕೆಲಸದಿಂದ ತೆಗೆದವರು. ಕಪ್ಪು ಹುಡುಗರು ಕಪ್ ಗೆದ್ದು ತಂದ ಮೇಲೂ ಗೇಟಿನ ಮೇಲೆ ಅದೇ ಹೆಸರು. ಅದು ಬದಲಾಗಿ ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಆದದ್ದು 2021ರಲ್ಲಿ, ಆ ಗೆಲುವಿನ 50 ವರ್ಷದ ನಂತರ.

ಧಾರವಾಡದಲ್ಲಿ ಹುಟ್ಟಿದ ನಮ್ಮ ಪಲ್ವಂಕರ್ ಬಾಲೂ ಅವರನ್ನೂ ನೆನೆಯೋಣ. ಪುಣೆಯಲ್ಲಿ ಅವರು ಮುಟ್ಟಿದ ಚೆಂಡನ್ನು ಸವರ್ಣ ಆಟಗಾರರೂ ಮುಟ್ಟುತ್ತಿದ್ದರು. ಚಹದ ಹೊತ್ತಿಗೆ ಮಾತ್ರ ಅವರಿಗೆ ಹೊರಗಡೆ ಬೇರೆ ಮಣ್ಣಿನ ಬಟ್ಟಲು. ಚೆಂಡಿಗೆ ಇಲ್ಲದ ಮೈಲಿಗೆ ಚಹಕ್ಕೆ ಎಲ್ಲಿಂದ ಬಂತು? ಅವರ ವಿಕೆಟ್ ಬೇಕಿತ್ತು, ಅವರು ಬೇಕಿರಲಿಲ್ಲ.

ಬಂಧುತ್ವ ಇಲ್ಲದೆ ಸ್ವಾತಂತ್ರ್ಯವೂ ಸಮಾನತೆಯೂ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಆ ಬಂಧುತ್ವದ ಬೇರು ಭಗವಾನ್ ಬುದ್ಧರ ಮೈತ್ರಿ. ಕರುಣೆ ಮನುಷ್ಯರಿಗೆ, ಮೈತ್ರಿ ಸಕಲ ಜೀವಿಗಳಿಗೆ ಎಂದು 'ಬುದ್ಧ ಮತ್ತು ಅವರ ಧಮ್ಮ' ಗ್ರಂಥದಲ್ಲಿ ಅವರು ವಿವರಿಸುತ್ತಾರೆ. ಸಕಲರಿಗೂ ಎಂದ ಮೇಲೆ ಅದಕ್ಕೆ ಷರತ್ತು ಇರುವುದಿಲ್ಲ. ನಮ್ಮ ಕಡೆ ಗೋಲು ಹೊಡೆಯುವವನ ಮೇಲಿನ ಪ್ರೀತಿ ಲೆಕ್ಕಾಚಾರದ ಪ್ರೀತಿ. ಆಟ ಬಾರದವನು, ಸೋತವನು, ಎದುರು ತಂಡದವನು, ಅಡುಗೆಮನೆಯ ತಾಯಿ, ಇವರೆಲ್ಲರ ಘನತೆಯೂ ಅಷ್ಟೇ ದೊಡ್ಡದು ಎಂದು ಒಪ್ಪುವುದು ಮೈತ್ರಿ.

ಹಾಗಾದರೆ ಆಟ ಬೇಡವೇ? ಖಂಡಿತ ಬೇಕು. ಮಕ್ಕಳು ಒಬ್ಬರನ್ನೊಬ್ಬರು ಅರಿಯಲು ಮೈದಾನ ಒಂದು ಬಾಗಿಲು. ಆದರೆ ಬಾಗಿಲಲ್ಲೇ ನಿಂತರೆ ಮನೆ ಸೇರಿದಂತಾಗುವುದಿಲ್ಲ. ಹಾಗೆಯೇ, ಗೆದ್ದು ತೋರಿಸಿ ಗೌರವ ಸಂಪಾದಿಸು ಎಂದು ನಮ್ಮ ಮಕ್ಕಳಿಗೆ ಹೇಳುವುದೂ ಬೇಡ. ಗೌರವ ಅವರಿಗೆ ಹುಟ್ಟಿನಿಂದಲೇ ಸಲ್ಲಬೇಕಾದದ್ದು.

ಇಂದು ಮಕ್ಕಳನ್ನು ಒಂದು ಮಾತು ಕೇಳೋಣ: ನಿಮ್ಮ ಶಾಲೆಯ ಕಬಡ್ಡಿ ತಂಡ ಆಟ ಮುಗಿದ ಮೇಲೆ ಯಾರ ಯಾರ ಮನೆಯಲ್ಲಿ ಊಟ ಮಾಡುತ್ತದೆ?

ಸಕಲರಿಗೂ ಮಂಗಳವಾಗಲಿ. ಜೈ ಭೀಮ್.