ಗಾಳಿ ಯಾರ ಪಾಲಿಗೆ

ಮೇ ತಿಂಗಳ ಕೊನೆಯ ದಿನಗಳಲ್ಲಿ ಚೆನ್ನೈ ಕಡಲಗಾಳಿಗಾಗಿ ಕಾಯುತ್ತದೆ. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ. ಹನ್ನೊಂದರ ಹೊತ್ತಿಗೆ ಪಶ್ಚಿಮದಿಂದ, ಒಳನಾಡಿನ ಕಾದ ನೆಲದ ಮೇಲೆ ಹಾದು ಬರುವ ಒಣಗಾಳಿ ಮುಖಕ್ಕೆ ರಾಚುತ್ತದೆ. ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಜಾಗ ತುಂಬಲು ಬಂಗಾಳ ಕೊಲ್ಲಿಯ ಗಾಳಿ ಒಳಗೆ ಬರಬೇಕು. ಪಶ್ಚಿಮದ ಗಾಳಿ ಜೋರಾಗಿದ್ದರೆ ಅದನ್ನು ದಡದಲ್ಲೇ ತಡೆಯುತ್ತದೆ. ಮಧ್ಯಾಹ್ನದೊಳಗೆ ಕಡಲಗಾಳಿ ಬಂದರೆ ಬಿಸಿಲು ಅಷ್ಟಕ್ಕೇ ನಿಂತಿತು. ಮೂರು ಗಂಟೆಯಾದರೂ ಬಾರದಿದ್ದರೆ 40 ಡಿಗ್ರಿ ದಾಟಿತೆಂದೇ ಲೆಕ್ಕ. ತಮಿಳರು ‘ಕತ್ತಿರಿ’ ಎನ್ನುವ ಅಗ್ನಿನಕ್ಷತ್ರದ ದಿನಗಳು ಮೇ ಮೊದಲ ವಾರ ಶುರುವಾಗಿ 28ರ ಆಸುಪಾಸು ಮುಗಿಯುತ್ತವೆ. ಸೆಕೆ ಮಾತ್ರ ಜೂನ್ ತುಂಬಾ ಮುಂದುವರಿಯುತ್ತದೆ.

ಟ್ರಿಪ್ಲಿಕೇನ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಕುಂದಾಪುರದ ಹಿರಿಯರು ಇದನ್ನು ನನಗೆ ಎರಡೇ ಮಾತಿನಲ್ಲಿ ತಿಳಿಸಿದರು. “ಸೆಕೆ ನಮ್ಮೂರಗೂ ಇತ್ತ್ ಮಾರಾಯ್ರೆ. ಆರೆ ಅಲ್ಲಿ ಜೂನಿಗೆ ಮಳಿ ಬತ್ತ್, ಇಲ್ಲಿ ಮಳಿ ಬಪ್ಪುಕೆ ಅಕ್ಟೋಬರ್ ಆಯ್ಕ್.” ಮುಂಗಾರು ಪಶ್ಚಿಮ ಘಟ್ಟಕ್ಕೆ ಸುರಿದು ಮುಗಿದ ಮೇಲೆ ಚೆನ್ನೈಗೆ ಉಳಿಯುವುದು ಸ್ವಲ್ಪವೇ, ಊರಿನ ಹೆಚ್ಚಿನ ಮಳೆ ಬರುವುದು ಹಿಂಗಾರಿನಲ್ಲಿ. ಹಾಗಾಗಿ ನಮ್ಮ ಕರಾವಳಿಯವರಿಗೆ ಬೇಸಿಗೆಯ ಕೊನೆಯಲ್ಲಿ ಸಿಗುವ ಬಿಡುಗಡೆ ಚೆನ್ನೈಯವರಿಗಿಲ್ಲ.

ನಾನು ಬೆಳೆದದ್ದು ಕಲಬುರಗಿಯ ಬಿಸಿಲಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಅಲ್ಲಿ ಯಾರಿಗೂ ಅಚ್ಚರಿಯಿಲ್ಲ. ತಲೆಗೆ ಟವೆಲು ಸುತ್ತಿ, ಚರಿಗೆ ನೀರು ಕುಡಿದು, ನಡುಹಗಲು ಬೇವಿನ ನೆರಳಲ್ಲಿ ಕಳೆದರೆ ದಿನ ಸಾಗುತ್ತದೆ. ಚೆನ್ನೈನ 37 ಡಿಗ್ರಿ ನನಗೆ ಅದಕ್ಕಿಂತ ಕಷ್ಟವಾಯಿತು. ಕಡಲಗಾಳಿ ಬಂದಾಗ ಬಿಸಿ ಇಳಿಯುತ್ತದೆ ನಿಜ, ಆದರೆ ಅದು ತನ್ನ ಜೊತೆ ನೀರಾವಿಯನ್ನೂ ಹೊತ್ತು ತರುತ್ತದೆ. ಅಂಗಿ ಬೆನ್ನಿಗೆ ಅಂಟಿದ್ದು ಬಿಡುವುದಿಲ್ಲ. ಮುಖ ಒರೆಸಿಕೊಂಡ ಕರವಸ್ತ್ರ ಸಂಜೆಯವರೆಗೂ ಒದ್ದೆ.

ದೇಹಕ್ಕೆ ತಂಪು ಕೊಡುವುದು ಆರುವ ಬೆವರು, ಹರಿಯುವ ಬೆವರಲ್ಲ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿಯಷ್ಟು ಶಾಖ ಅದರೊಂದಿಗೆ ಹೊರಟುಹೋಗುತ್ತದೆ. ಅದೇ ಬೆವರು ಗಲ್ಲದಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರೂ ಹೋಯಿತು, ಉಪ್ಪೂ ಹೋಯಿತು, ಶಾಖ ಒಳಗೇ ಉಳಿಯಿತು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದಾಗ ಆಗುವುದು ಇದೇ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಅಳೆಯುವ ಉಷ್ಣತೆ 35 ಡಿಗ್ರಿ ಮುಟ್ಟಿದರೆ, ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತನೂ ಹೆಚ್ಚು ಹೊತ್ತು ತಾಳಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಳೆವಯಸ್ಸಿನವರ ಮೇಲೆ ನಡೆದ ಪ್ರಯೋಗಗಳಲ್ಲಿ ಆ ಗಡಿ 31ರ ಹತ್ತಿರವೇ ಎದುರಾಯಿತು. ನಮ್ಮ ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಗುರುತಿಸುವಾಗ ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37 ಎಂದು ಬೇರೆ ಬೇರೆ ಗೆರೆ ಎಳೆದಿದೆ.

“ಅವರಿಗೆ ಅಭ್ಯಾಸ ಆಗಿರುತ್ತದೆ ಬಿಡಿ” ಎಂಬ ಮಾತು ಚೆನ್ನೈ ಬಗ್ಗೆ ಬೆಂಗಳೂರಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ಅಭ್ಯಾಸ ಆಗುವುದು ನಿಜ. ಒಂದೆರಡು ವಾರದಲ್ಲಿ ದೇಹ ಬೇಗ ಬೆವರಲು ಕಲಿಯುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆದರೆ ಬೆವರು ಆರುವುದಕ್ಕೇ ಎಡೆಯಿಲ್ಲದ ಗಾಳಿಯಲ್ಲಿ ಆ ಕಲಿಕೆ ಎಷ್ಟು ದೂರ ಬಂದೀತು? ಚೆನ್ನೈನ ಶ್ರೀರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತು ಅವರ ಜೊತೆಗಾರರು ತಮಿಳುನಾಡಿನ ಹೊಲ, ಇಟ್ಟಿಗೆಗೂಡು, ಉಪ್ಪಿನಗದ್ದೆಯಂಥ ಕಡೆ ದುಡಿಯುವ 800 ಬಸುರಿ ಹೆಂಗಸರನ್ನು ಗಮನಿಸಿ 2024ರಲ್ಲಿ ವರದಿ ಮಾಡಿದರು. ಹೆಚ್ಚು ಬಿಸಿಯಲ್ಲಿ ಕೆಲಸ ಮಾಡಿದವರಲ್ಲಿ ಗರ್ಭ ಕಳೆದುಕೊಳ್ಳುವ ಅಪಾಯ ಸುಮಾರು ಎರಡು ಪಟ್ಟಿತ್ತು. ಇವರು ಅದೇ ಬಿಸಿಲಲ್ಲಿ ದುಡಿಯುತ್ತ ಬಂದವರು. ಅಭ್ಯಾಸದ ಮಾತು ಅವರನ್ನು ಕಾಯಲಿಲ್ಲ. ಅದು ನಮ್ಮ ಮನಸ್ಸನ್ನು ಹಗುರ ಮಾಡುವ ಮಾತು, ಅಷ್ಟೇ.

ನಾನು ಇಳಿದುಕೊಂಡಿದ್ದ ಲಾಡ್ಜಿನ ಹಿಂದೆ ಇಬ್ಬರು ಎದುರುಬದುರಾದರೆ ಒಬ್ಬರು ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಒಂದು ಗಲ್ಲಿ. ಅಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಅದರ ಹಿತ್ತಾಳೆ ಮುಚ್ಚಳ ಎತ್ತಿ, ಬೀಸಣಿಗೆಯಿಂದ ಗಾಳಿ ಹಾಕಿ, ಬೂದಿ ಹಾರಿಸಿ, ತಿರುಗಿ ಮುಚ್ಚಿ, ಒದ್ದೆ ಚಿಂದಿಯ ಮೇಲೆ ಒಮ್ಮೆ ಒತ್ತಿ ನೋಡಿ ಅಂಗಿಗೆ ಹಚ್ಚುತ್ತಿದ್ದಳು. ಅವಳ ತಲೆಯ ಮೇಲೆ ಗೋಡೆಯುದ್ದಕ್ಕೂ ಲಾಡ್ಜಿನ ಎಸಿಗಳ ಹೊರಪೆಟ್ಟಿಗೆಗಳು. ಒಂದೊಂದರ ಫ್ಯಾನೂ ಗಲ್ಲಿಯೊಳಕ್ಕೆ ಬಿಸಿ ಉಗುಳುತ್ತಿತ್ತು. ಹೊತ್ತು ಇಳಿದು ಕಡಲಗಾಳಿ ಬೀದಿಗೆ ಬಂದಿತ್ತು, ಗಲ್ಲಿಗೆ ಬಂದಿರಲಿಲ್ಲ. ಮೊದಲು ಆಕೆಯ ಗಾಡಿ ಮುಖ್ಯರಸ್ತೆಯ ಮರದ ಕೆಳಗಿತ್ತಂತೆ. 2016ರ ಡಿಸೆಂಬರಿನ ವರ್ದಾ ಚಂಡಮಾರುತ ನಗರದಲ್ಲಿ ಉರುಳಿಸಿದ ಸಾವಿರಾರು ಮರಗಳಲ್ಲಿ ಅದೂ ಒಂದು. ಅವಳ ತಮಿಳು ನನಗೆ ಪೂರ್ತಿ ತಿಳಿಯಲಿಲ್ಲ. ಆದರೆ ಮೇಲಿನ ಪೆಟ್ಟಿಗೆಗಳತ್ತ ಕೈ ತೋರಿಸಿ, “ಬೆಳಿಗ್ಗೆ ಇವು ನಿಂತ ಮೇಲೆಯೇ ಕೆಲಸ ಶುರು ಮಾಡುತ್ತೇನೆ ಸಾರ್” ಎಂದದ್ದು ತಿಳಿಯಿತು.

ಅವಳು ತೋರಿಸಿದ ಪೆಟ್ಟಿಗೆಗಳಲ್ಲಿ ಒಂದು ನನ್ನ ಕೋಣೆಯದು.

ಎಸಿ ತಂಪನ್ನು ಹುಟ್ಟಿಸುವುದಿಲ್ಲ, ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ. ಸಾಗಿಸುವುದಕ್ಕೆ ಖರ್ಚಾದ ವಿದ್ಯುತ್ತೂ ಶಾಖವಾಗಿ ಹೊರಗೇ ಬೀಳುತ್ತದೆ. ನಮ್ಮ ಮನೆಗಳ ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಕೋಣೆಯಿಂದ ತೆಗೆಯುವ ಐದು ಕಿಲೋವ್ಯಾಟ್‌ಗೂ ಹೆಚ್ಚಿನ ಶಾಖಕ್ಕೆ ತನ್ನದನ್ನೂ ಸೇರಿಸಿ ಆರಕ್ಕೂ ಮಿಕ್ಕಿ ಹೊರಕ್ಕೆ ಎಸೆಯುತ್ತದೆ. ಬಚ್ಚಲುಮನೆಯ ಗೀಸರುಗಳು ಮೂರನ್ನು ಒಟ್ಟಿಗೆ ಹಾಕಿ ಬೀದಿಯಲ್ಲಿ ಇಟ್ಟಷ್ಟು. ಇಂಥವು ಹತ್ತು ಹನ್ನೆರಡು ಒಂದೇ ಗಲ್ಲಿಗೆ ಮುಖ ಮಾಡಿದ್ದರೆ ಅಲ್ಲಿ ನಿಂತವರ ಗತಿಯೇನು ಎಂದು ಯಾವ ನಕ್ಷೆಯಲ್ಲೂ ಯಾರೂ ಬರೆಯುವುದಿಲ್ಲ.

ತಂಪು ಉಳ್ಳವರ ಸ್ವತ್ತಾದದ್ದು ಇಂದಿನ ಕಥೆಯಲ್ಲ. ಮರೀನಾದ ಎದುರು, ಕಾಮರಾಜರ್ ಸಾಲೈಯಲ್ಲಿ ಇಂದು ವಿವೇಕಾನಂದರ ಸ್ಮಾರಕವಾಗಿರುವ ದುಂಡು ಮುಂಭಾಗದ ಕಟ್ಟಡಕ್ಕೆ ಊರವರ ಬಾಯಲ್ಲಿ ಈಗಲೂ ಐಸ್ ಹೌಸ್ ಎಂದೇ ಹೆಸರು. ಅಮೆರಿಕದ ಫ್ರೆಡರಿಕ್ ಟ್ಯೂಡರ್ 1842ರಲ್ಲಿ ಕಟ್ಟಿಸಿದ್ದು. ಮ್ಯಾಸಚೂಸೆಟ್ಸ್‌ನ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆ ಮರದ ಹೊಟ್ಟಿನಲ್ಲಿ ಹುದುಗಿ, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು, ಇಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತಿತ್ತು. ಕೊಳ್ಳುತ್ತಿದ್ದವರು ಬಿಳಿಯ ಅಧಿಕಾರಿಗಳು ಮತ್ತು ಸಿರಿವಂತರು. ದಡದಿಂದ ಅದನ್ನು ಹೊತ್ತು ತಂದವರಿಗೆ ಭುಜದ ಮೇಲೆ ಕರಗಿದ ನೀರಷ್ಟೇ ಸಿಕ್ಕಿದ್ದೀತು. ಯಂತ್ರದಿಂದ ಇಲ್ಲೇ ಐಸ್ ಮಾಡುವುದು ಶುರುವಾದ ಮೇಲೆ ಆ ವ್ಯಾಪಾರ ಮುಳುಗಿತು. 1897ರಲ್ಲಿ ವಿವೇಕಾನಂದರು ಪಶ್ಚಿಮದಿಂದ ಮರಳಿ ಬಂದಾಗ ಆ ಮನೆ ಬಿಳಿಗಿರಿ ಅಯ್ಯಂಗಾರ್ ಅವರದಾಗಿತ್ತು. ಸ್ವಾಮಿಗಳು ಅಲ್ಲೇ ತಂಗಿದ್ದರು.

ಮೈಲಾಪುರದ ಹಳೆಯ ಮನೆಗಳ ತಂಪಿನ ಬಗೆಯೇ ಬೇರೆ. ಬೀದಿಗೆ ತೆರೆದ ಜಗುಲಿ, ನಡುವೆ ಆಕಾಶ ಕಾಣುವ ತೊಟ್ಟಿ, ಮುಂಬಾಗಿಲಿನಿಂದ ಹಿತ್ತಿಲವರೆಗೆ ನೇರ ಗಾಳಿದಾರಿ, ದಪ್ಪ ಸುಣ್ಣದ ಗಾರೆ. ಕಪಾಲೀಶ್ವರನ ಗುಡಿಯ ಸುತ್ತಿನ ಬೀದಿಗಳಲ್ಲಿ ಅಂಥವು ಈಗ ಬೆರಳೆಣಿಕೆಯಷ್ಟು ಉಳಿದಿವೆ. ಅವನ್ನು ನೋಡಿ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಬರೆಯಲು ನನಗೆ ಮನಸ್ಸಿಲ್ಲ. ಅಗ್ರಹಾರದ ಜಗುಲಿಯಲ್ಲಿ ಎಲ್ಲ ಜಾತಿಯವರೂ ಕೂರುವಂತಿರಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಆ ಮನೆಯೊಳಗಿನ ತಂಪು ಪಕ್ಕದ ಮನೆಯವರ ಸೆಕೆಯನ್ನು ಹೆಚ್ಚಿಸುತ್ತಿರಲಿಲ್ಲ. ಈಗ ನನ್ನ ಕೋಣೆಯ ತಂಪಿನ ಒಂದೊಂದು ಡಿಗ್ರಿಯೂ ಗಲ್ಲಿಯ ಲೆಕ್ಕಕ್ಕೆ ಹೋಗುತ್ತದೆ.

ಕಡಲಗಾಳಿಯೂ ಎಲ್ಲರಿಗೂ ಒಂದೇ ಹೊತ್ತಿಗೆ ತಲುಪುವುದಿಲ್ಲ. ಕಡಲಂಚಿನ ಬೆಸೆಂಟ್ ನಗರ, ಸ್ಯಾಂಥೋಮ್ ದಾಟಿ ಅದು ಒಳಭಾಗದ ಅಂಬತ್ತೂರು, ಆವಡಿ ಮುಟ್ಟುವಾಗ ಹೊತ್ತು ಮೀರಿರುತ್ತದೆ, ಬಲವೂ ಕುಂದಿರುತ್ತದೆ. ಕೂವಂ ನದಿಯ ದಡದ ಗುಡಿಸಲುಗಳಿಂದ ಎಬ್ಬಿಸಿದ ಸಾವಿರಾರು ಕುಟುಂಬಗಳಿಗೆ ಕಣ್ಣಗಿನಗರ, ಪೆರುಂಬಾಕ್ಕಂಗಳಲ್ಲಿ ಸಾಲುಸಾಲು ಬ್ಲಾಕುಗಳನ್ನು ಕಟ್ಟಿಕೊಟ್ಟಿದ್ದಾರೆ. ಒತ್ತೊತ್ತಾಗಿ ನಿಂತ ಆ ಕಾಂಕ್ರೀಟ್ ಮನೆಗಳು ಹಗಲಿಡೀ ಕಾದು ರಾತ್ರಿ ಆ ಬಿಸಿಯನ್ನು ಒಳಗೇ ಬಿಡುತ್ತವೆ. ಗುಡಿಸಲಿಗಿಂತ ಅದು ಭದ್ರವಾದ ಮನೆ, ಒಪ್ಪುತ್ತೇನೆ. ಗಾಳಿ ಬರುವ ಮನೆ ಎಂದು ಮಾತ್ರ ಹೇಳಲಾರೆ.

ಚೆನ್ನೈ ಕಣ್ಣುಮುಚ್ಚಿ ಕೂತಿಲ್ಲ ಎಂಬುದನ್ನೂ ಬರೆಯಬೇಕು. ಬೇಸಿಗೆ ಬಂತೆಂದರೆ ಬೀದಿ ಬೀದಿಯಲ್ಲಿ ನೀರುಮಜ್ಜಿಗೆಯ ಚಪ್ಪರ ಏಳುತ್ತದೆ. ಪಕ್ಷದವರು, ಗುಡಿಯವರು, ಕೇರಿಯ ಹುಡುಗರು ಯಾರಾದರೂ ಹಾಕುತ್ತಾರೆ, ಕುಡಿಯುವವನ ಹೆಸರು ಯಾರೂ ಕೇಳುವುದಿಲ್ಲ. ಟಿ. ನಗರದ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುತ್ತಿದ್ದ ಹೆಣ್ಣುಮಕ್ಕಳಿಗೆ ಕೂರಲು ಆಸನ ಕೊಡಲೇಬೇಕೆಂದು ತಮಿಳುನಾಡು 2021ರಲ್ಲಿ ಕಾನೂನು ಮಾಡಿತು. 2024ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತುಗಳ ಪಟ್ಟಿಗೆ ಸೇರಿಸಿತು. ಬಿಸಿಲಿಗೆ ಸತ್ತವರ ಮನೆಯವರಿಗೆ ಪರಿಹಾರ ಕೇಳುವ ದಾರಿ ಆಯಿತು. ಮರುವರ್ಷ ನಗರಪಾಲಿಕೆ ಡೆಲಿವರಿ ಹುಡುಗರಿಗಾಗಿ ತಂಪು ಕೊಠಡಿ ತೆರೆಯಿತು. ಗೋಡೆಗಳ ನಡುವೆ ಮುಚ್ಚಿಟ್ಟುಕೊಂಡಿದ್ದ ತಂಪನ್ನು ಬೀದಿಯವರಿಗೂ ಹಂಚುವ ಯತ್ನಗಳು ಇವು. ಸಾಲವು, ಆದರೆ ದಿಕ್ಕು ಸರಿಯಿದೆ.

ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ರಾತ್ರಿ ತಣ್ಣಗಾಗುತ್ತದೆ ಎಂಬ ಧೈರ್ಯದಲ್ಲಿ ನಾವು ಈ ಯಾವುದನ್ನೂ ಯೋಚಿಸದೆ ಬಂದೆವು. 2016ರ ಏಪ್ರಿಲಿನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. ಎಸಿ ಇಲ್ಲದ ಹೊಸ ಅಪಾರ್ಟ್‌ಮೆಂಟು ಈಗ ಕಾಣುವುದು ಅಪರೂಪ, ಅವುಗಳ ಹೊರಪೆಟ್ಟಿಗೆಗಳು ಎತ್ತ ಮುಖ ಮಾಡಬೇಕೆಂದು ಕೇಳುವವರು ಇನ್ನೂ ಅಪರೂಪ. ಮಂಗಳೂರಿನಲ್ಲಂತೂ ಸೆಕೆ ಮೊದಲಿಂದಲೂ ಇದೆ, ಹೆಂಚಿನ ಮನೆಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಬರುತ್ತಿವೆ. ಕಟ್ಟಡಕ್ಕೆ ಅನುಮತಿ ಕೊಡುವಾಗ ಅದು ಬೀದಿಗೆ ಎಷ್ಟು ನೆರಳು ಕೊಡುತ್ತದೆ, ಎಷ್ಟು ಬಿಸಿ ಬಿಡುತ್ತದೆ ಎಂದು ನಗರಪಾಲಿಕೆಗಳು ಲೆಕ್ಕ ಕೇಳಲಿ. ಅದಕ್ಕೂ ಮೊದಲು, ಓದುಗರೇ, ನಿಮ್ಮ ಮನೆಯಲ್ಲಿ ಎಸಿ ಇದ್ದರೆ ಒಂದು ಮಧ್ಯಾಹ್ನ ಹೊರಗೆ ಹೋಗಿ ಅದರ ಪೆಟ್ಟಿಗೆಯ ಎದುರು ಹತ್ತು ನಿಮಿಷ ನಿಂತು ಬನ್ನಿ; ಅಲ್ಲಿ ದಿನವೂ ನಿಲ್ಲುವವರು ಯಾರೆಂದು ಕೇಳಿ, ಆ ಪೆಟ್ಟಿಗೆಯನ್ನು ತಾರಸಿಗೆ ಏರಿಸಲು ಆಗುತ್ತದೆಯೇ ನೋಡಿ.