ತನುವಿನ ಬೇನೆ, ಮನದ ಚಿಂತೆ, ಧನದ ಕೊರತೆ

ಶರಣಧರ್ಮವು ಮಾನವನ ಸಂಪತ್ತನ್ನು ಮೂರಾಗಿ ಎಣಿಸಿದೆ: ತನು, ಮನ, ಧನ. ತನುವನ್ನು ಗುರುವಿಗೂ ಮನವನ್ನು ಲಿಂಗಕ್ಕೂ ಧನವನ್ನು ಜಂಗಮಕ್ಕೂ ಸಮರ್ಪಿಸಿದವನೇ ಭಕ್ತನೆಂಬುದು ಆ ಧರ್ಮದ ನಿಲುವು. ಈ ಮಾತನ್ನು ಬಾಯಿಪಾಠವಾಗಿ ಒಪ್ಪಿಸುವವರು ಹಲವರು. ಈ ಮೂರೂ ಒಂದೇ ಹಗ್ಗದ ಮೂರು ಎಳೆಗಳೆಂಬುದನ್ನು ಅರಿತವರು ಕೆಲವರು. ಧನದ ಕೊರತೆಯು ಮನದ ಚಿಂತೆಯಾಗುವುದು. ಮನದ ಚಿಂತೆಯು ತನುವಿನ ಬೇನೆಯಾಗುವುದು. ತನುವಿನ ಬೇನೆಯು ತಿರುಗಿ ಧನದ ಕೊರತೆಯನ್ನೇ ಹೆಚ್ಚಿಸುವುದು. ಈ ಸುಳಿಯಲ್ಲಿ ಸಿಕ್ಕ ಜೀವವು ತಾನು ಮುಳುಗುತ್ತಿರುವುದನ್ನು ಬಾಯಿ ಬಿಟ್ಟು ಹೇಳಲಾರದೆ ಇರುವುದೇ ಅದರ ದೊಡ್ಡ ಸಂಕಟ.

ಇದಕ್ಕೆ ದೃಷ್ಟಾಂತವಾಗಿ ಒಬ್ಬ ತರುಣನನ್ನು ಎಣಿಸಿಕೊಳ್ಳಬಹುದು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯ ಎರೆನೆಲದ ಊರುಗಳಲ್ಲಿ ಇಂಥವನಿಲ್ಲದ ಓಣಿಯೇ ಇರಲಾರದು. ಹಿಂದಿನ ವರ್ಷ ಹೆಸರು ಬಿಡಿಸುವ ಹೊತ್ತಿಗೆ ಬಿಡದೆ ಸುರಿದ ಮಳೆಗೆ ಬುಡ್ಡಿಯಲ್ಲಿಯೇ ಕಾಳು ಮೊಳೆತುಹೋಯಿತು. ಬೀಜಗೊಬ್ಬರಕ್ಕೆ ತಂದ ಸಾಲ ಉಳಿಯಿತು. ಯುಗಾದಿ ಕಳೆದ ಮೇಲೆ ಮಗನು ಹುಬ್ಬಳ್ಳಿಗೆ ಹೋಗಿ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ನೌಕರಿ ಹಿಡಿದನು. ಪಗಾರ ₹14,000. ಆರು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವ ಮಾತು. ಬಂದ ಸರಕಿಗೂ ಹೋದ ಸರಕಿಗೂ ಲೆಕ್ಕ ಕೂಡದಿದ್ದರೆ ಪಗಾರದಲ್ಲಿ ಕಡಿತ. ತಿಂಗಳ ಮೊದಲ ವಾರದಲ್ಲಿ ಮನೆಗೆ ಹಣ ಕಳಿಸಬೇಕು, ಸಾಲದ ಕಂತು ಕಟ್ಟಬೇಕು, ಖೋಲಿಯ ಬಾಡಿಗೆ ಕೊಡಬೇಕು. ಉಳಿದುದರಲ್ಲಿ ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸಿದನು; ಇನ್ನೊಂದು ಹೊತ್ತು ಚಹಾ.

ಎರಡನೆಯ ತಿಂಗಳಲ್ಲಿ ನಿದ್ರೆ ಹೋಯಿತು. ಮೂರನೆಯ ತಿಂಗಳಲ್ಲಿ ನಡುರಾತ್ರಿ ಎದೆ ಡವಡವನೆ ಹೊಡೆದುಕೊಂಡು ಎಚ್ಚರವಾಗತೊಡಗಿತು. ಬೆರಳುಗಳಲ್ಲಿ ಜುಮುಜುಮು, ಹೊಟ್ಟೆಯಲ್ಲಿ ಉರಿ, ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಮೇಲೆ ಕೈಯಿಟ್ಟುಕೊಂಡು ಬೆಳಗಿನವರೆಗೆ ಕುಳಿತಿರುವನು. ಹೊತ್ತು ಹುಟ್ಟಿದೊಡನೆ ಕೆಲಸಕ್ಕೆ ನಡೆಯುವನು. ದವಾಖಾನೆಗೆ ಹೋದರೆ ಒಂದು ದಿನದ ಪಗಾರ ಹೋದೀತೆಂಬ ಅಂಜಿಕೆ. ರೋಗವೆಂದು ತಿಳಿದರೆ ಕಾಯಂ ಮಾಡಲಾರರೆಂಬ ಅಂಜಿಕೆ. ಯಾವುದೋ ದೊಡ್ಡ ರೋಗವೇ ಆಗಿದ್ದರೆ ಮನೆಯೇ ಕುಸಿದೀತೆಂಬ ಅಂಜಿಕೆ. ಈ ಮೂರು ಅಂಜಿಕೆಗಳು ಸೇರಿ ಅವನ ಬಾಯಿಗೆ ಬೀಗ ಹಾಕಿದುವು.

ನಾಗರಪಂಚಮಿಗೆ ಅವನು ಊರಿಗೆ ಬಂದನು. ರೊಟ್ಟಿ ಪಂಚಮಿಯ ದಿನ ಅರ್ಧ ರೊಟ್ಟಿಗೆ ಕೈ ತೊಳೆದುದನ್ನು ತಾಯಿ ನೋಡಿದಳು.

“ತಮ್ಮಾ, ಏನ ಮುಚ್ಚಿ ಇಟ್ಟೀದಿ?”

“ಏನಿಲ್ಲ ಬಿಡಬೇ ಯವ್ವಾ.”

“ಎತ್ತು ಮೇವು ಬಿಟ್ಟರ ನಿಮ್ಮಪ್ಪ ಆವತ್ತ ನೊಗಾ ಹೂಡೂದಿಲ್ಲ. ನಿನ್ನ ನೊಗಾ ಯಾರು ಬಿಚ್ಚಬೇಕು?”

ಅಕ್ಷರವರಿಯದ ಆ ತಾಯಿಯ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಒಕ್ಕಲಿಗನು ಎತ್ತಿನ ಕಣ್ಣು ನೋಡಿ ಅದರ ಬೇನೆಯನ್ನರಿಯುವನು. ಮೂಗು ಒಣಗಿದ್ದರೆ, ಮೆಲುಕು ನಿಂತಿದ್ದರೆ ಅದನ್ನು ಗೋದಲಿಯಲ್ಲಿಯೇ ಬಿಡುವನು. ಆದರೆ ತನ್ನ ದೇಹವೆಂಬ ಎತ್ತಿಗೆ ಮಾತ್ರ ಅವನು ಈ ದಯೆಯನ್ನು ತೋರಿಸನು. ದಯೆಯೇ ಧರ್ಮದ ಬುಡವೆಂದು ಸಾರಿದ ಶರಣರು ಆ ದಯೆಯಿಂದ ತನ್ನ ದೇಹವೊಂದನ್ನೇ ಹೊರಗಿಡಬೇಕೆಂದು ಎಲ್ಲಿಯೂ ವಿಧಿಸಲಿಲ್ಲ. ಕಲ್ಲುಮಣ್ಣಿನ ಗುಡಿಯನ್ನು ಕಟ್ಟಿಸಲಾರದ ಬಡವನಿಗೆ ಬಸವಣ್ಣನವರು ಅವನ ದೇಹವನ್ನೇ ದೇಗುಲವಾಗಿ ತೋರಿಸಿದರು. ಊರ ಗುಡಿಯ ಗೋಡೆ ಬಿರುಕುಬಿಟ್ಟರೆ ಪಂಚರು ಕೂಡಿ ವಿಚಾರಿಸುವರು. ಈ ಗುಡಿಯ ಕಂಬ ನಡುಗಿದರೆ ಮುಚ್ಚಿಡುವುದು ಯಾವ ಭಕ್ತಿ?

ಇಲ್ಲಿ ಒಂದು ಸಂಶಯವು ಹುಟ್ಟುವುದು ಸಹಜ. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ಹೇಳುವಷ್ಟರ ಮಟ್ಟಿಗೆ ಶರಣರು ಕಾಯಕವನ್ನು ಎತ್ತಿಹಿಡಿದರಷ್ಟೆ. ನುಲಿಯ ಚಂದಯ್ಯನವರು ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆಯಿದೆ. ಹಾಗಿರಲು ಎದೆನೋವಿಗಾಗಿ ಕೆಲಸವನ್ನು ಬಿಟ್ಟು ದವಾಖಾನೆಯ ದಾರಿ ಹಿಡಿಯುವುದು ಕಾಯಕದ್ರೋಹವಾಗದೆ?

ಆಗದು. ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದುದು ಜಂಗಮದಾಸೋಹಕ್ಕಾಗಿ. ಯಾರ ಗದರಿಕೆಗೂ ಅಂಜಿ ಅಲ್ಲ. ಒಲುಮೆಯಿಂದ ಮಾಡಿದುದು ಕಾಯಕ. ಅಂಜಿಕೆಯಿಂದ ಮಾಡಿದುದು ಬಿಟ್ಟಿ. ಎರಡರಲ್ಲಿಯೂ ಬೆವರು ಒಂದೇ ಆಗಿ ಕಂಡರೂ ಫಲವು ಬೇರೆ. ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಇದನ್ನು ಇನ್ನಷ್ಟು ಸ್ಪಷ್ಟಪಡಿಸುವುದು. ಅಂದಂದಿನ ಅಕ್ಕಿಯನ್ನು ಅಂದಂದಿಗೆ ಆಯ್ದು ತರುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಪತ್ನಿ ಲಕ್ಕಮ್ಮನವರು ಗಂಡನ ಕೈಯಲ್ಲಿದ್ದ ಅಕ್ಕಿಯ ಅಳತೆಯನ್ನಷ್ಟೇ ಅಲ್ಲ, ಅವರ ಮನಸ್ಸಿನ ಅಳತೆಯನ್ನೂ ಕಂಡರು. ಹೆಚ್ಚಿನ ಅಕ್ಕಿಯನ್ನು ಮರಳಿ ಚೆಲ್ಲಿ ಬರುವಂತೆ ಕಳಿಸಿದರು. ಕಾಯಕಕ್ಕೆ ಅಳತೆಯುಂಟು ಎಂಬುದು ಇದರ ಒಂದು ಅರ್ಥ. ದುಡಿಯುವವನ ಅಳತೆ ತಪ್ಪಿದಾಗ ಮನೆಯವರು ಅದನ್ನು ನೋಡಿ ಹೇಳತಕ್ಕದ್ದು ಎಂಬುದು ಇನ್ನೊಂದು ಅರ್ಥ. ರೊಟ್ಟಿ ಪಂಚಮಿಯ ದಿನ ಆ ತಾಯಿ ಮಾಡಿದುದು ಲಕ್ಕಮ್ಮನವರ ಕೆಲಸವನ್ನೇ.

ಬಸವಣ್ಣನವರು ಸಹ ಮಂಗಳವಾಡದಲ್ಲಿ ಬಿಜ್ಜಳನ ಬಳಿ ಕರಣಿಕರಾಗಿ ಲೆಕ್ಕ ಬರೆದವರು. ಭಂಡಾರದ ಹಣವನ್ನು ಹಾಳುಮಾಡಿದರೆಂದು ಚಾಡಿ ಹೇಳುವವರು ಅವರಿಗೂ ಇದ್ದರೆಂದೂ, ಎಣಿಸಿ ನೋಡಿದಾಗ ಲೆಕ್ಕ ಕೂಡಿತೆಂದೂ ಪುರಾಣಗಳು ಹೇಳುತ್ತವೆ. ಹೊಸ ಊಳಿಗದಲ್ಲಿ ಸಂಶಯದ ಕಣ್ಣುಗಳ ನಡುವೆ ದುಡಿಯುವ ಕಷ್ಟವು ಶರಣರಿಗೆ ಅಪರಿಚಿತವಾದುದಲ್ಲ. ಆದರೆ ಅವರು ಒಂಟಿಯಾಗಿರಲಿಲ್ಲ. ದಿನದ ಭಾರವನ್ನು ಇಳಿಸಲು ಅವರಿಗೆ ಅನುಭಾವಗೋಷ್ಠಿಯಿತ್ತು. ಹುಬ್ಬಳ್ಳಿಯ ಖೋಲಿಯಲ್ಲಿ ಗೋಡೆಗೆ ಒರಗಿ ಕುಳಿತ ತರುಣನಿಗೆ ಇಲ್ಲದುದು ಅದೇ.

ಮರುದಿನ ತಂದೆಯೇ ಮಗನನ್ನು ನವಲಗುಂದದ ಸರಕಾರಿ ದವಾಖಾನೆಗೆ ಕರೆದೊಯ್ದನು. ವೈದ್ಯರು ರಕ್ತದೊತ್ತಡ ನೋಡಿದರು, ಇ.ಸಿ.ಜಿ. ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಹೃದಯವು ನೆಟ್ಟಗಿತ್ತು. ರಕ್ತ ಕಡಿಮೆಯಾಗಿತ್ತು, ಊಟವಿಲ್ಲದೆ, ನಿದ್ರೆಯಿಲ್ಲದೆ, ಚಿಂತೆಯಿಂದ ದೇಹವು ಬಳಲಿತ್ತು. “ಹೃದಯದಲ್ಲಿ ದೋಷವಿಲ್ಲ, ಆದರೆ ನಿನ್ನ ನೋವು ಸುಳ್ಳಲ್ಲ” ಎಂದು ಅವರು ತಿಳಿಸಿ ಹೇಳಿದರು. ಭಯಗೊಂಡ ಮನವು ದೇಹವನ್ನು ಓಟಕ್ಕೆ ಅಣಿಗೊಳಿಸುವುದು. ಎದೆ ಬಡಿತ ಏರುವುದು, ಉಸಿರು ಚುರುಕಾಗುವುದು, ಆ ಚುರುಕು ಉಸಿರಿನಿಂದಲೇ ಬೆರಳು ಜುಮುಗುಟ್ಟುವುದು. ಓಡಲು ಅಣಿಯಾದ ದೇಹವು ಓಡಲು ದಾರಿಯಿಲ್ಲದೆ ಕುಳಿತಲ್ಲಿಯೇ ದಣಿಯುವುದು. ಮನ ಮತ್ತು ತನುಗಳ ಈ ನಂಟನ್ನು ಶರಣರು ಅರಿತಿದ್ದರು. ಇಂದಿನ ವೈದ್ಯಶಾಸ್ತ್ರವು ಅದರ ನಡೆಯನ್ನು ವಿವರಿಸುತ್ತದೆ.

ಆದರೆ ಇದನ್ನು ಓದಿ ಯಾರೂ ತನ್ನ ಎದೆನೋವು ಬರಿಯ ಚಿಂತೆಯದೆಂದು ತಾನೇ ತೀರ್ಮಾನಿಸಲಾಗದು. ಆ ತೀರ್ಮಾನವು ವೈದ್ಯನ ಕಾಯಕ. ಎದೆಯನ್ನು ಅಮುಕಿದಂಥ ನೋವು ಎಡಗೈಗೋ ಭುಜಕ್ಕೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆಮಾಡಿ ಆ ಗಳಿಗೆಯಲ್ಲಿಯೇ ಹೊರಡತಕ್ಕದ್ದು. 2021ರಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜಕುಮಾರರ ಹೆಸರಿನಲ್ಲಿ ರಾಜ್ಯ ಸರಕಾರವು 2023ರಲ್ಲಿ ‘ಹೃದಯಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಹಲವು ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದನ್ನು ಉಚಿತವಾಗಿ ಕೊಡುವುದು ಅದರ ಏರ್ಪಾಡು. ಬಡವನ ಎದೆಗೂ ಬೆಲೆಯುಂಟೆಂದು ಈ ಏರ್ಪಾಡು ಒಪ್ಪಿಕೊಂಡಿರುವಾಗ ಬಡವನು ತಾನೇ ಅದನ್ನು ಒಪ್ಪದಿರುವುದು ಸಲ್ಲದು.

ಅತಿಯಾದ ಭಯವೂ ಸಲ್ಲದು. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರು, ಬೆಂಗಳೂರುಗಳ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಸರಕಾರದ ತಜ್ಞರ ಸಮಿತಿಯು ವಿಚಾರಿಸಿ, ಅಂಥ ಸಾವುಗಳು ಅಸಾಮಾನ್ಯವಾಗಿ ಹೆಚ್ಚಿಲ್ಲವೆಂದು ವರದಿ ಕೊಟ್ಟಿತು. ಬೇನೆಯನ್ನು ಮುಚ್ಚಿಡುವವನೂ ಸುದ್ದಿಗೆ ಬೆದರಿ ಓಡುವವನೂ ಒಂದೇ ತಪ್ಪನ್ನು ಮಾಡುವರು; ಇಬ್ಬರೂ ಅರಿವಿನ ಬದಲು ಅಂಜಿಕೆಯನ್ನು ಗುರುವಾಗಿ ಮಾಡಿಕೊಂಡವರು. ಶರಣರಿಗೆ ಅರಿವೇ ಗುರು. ತನುವನ್ನು ಗುರುವಿಗೆ ಒಪ್ಪಿಸುವುದೆಂದರೆ, ಅದರ ಬೇನೆಯನ್ನು ಅರಿತವನ ಮುಂದೆ ಇಡುವುದೂ ಅಹುದು. ಶರಣರ ಗಣದಲ್ಲಿಯೇ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ನೇಯುವವ, ಹೊಲಿಯುವವ, ದೋಣಿ ನಡೆಸುವವರ ಸಾಲಿನಲ್ಲಿ ಮದ್ದು ಅರೆಯುವವನಿಗೂ ಸ್ಥಾನವಿತ್ತು.

ಮನದ ಚಿಕಿತ್ಸೆಗೆ ನಾಚುವವರು ಇನ್ನೂ ಹೆಚ್ಚು. ಹತ್ತೊಂಬತ್ತನೆಯ ಶತಮಾನದಿಂದಲೂ ಧಾರವಾಡದಲ್ಲಿ ಇರುವ ಮನೋರೋಗದ ಆಸ್ಪತ್ರೆಯು ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿಗೆ ಹೋದವನನ್ನು ಹುಚ್ಚನೆಂದು ಕರೆಯುವ ಬಾಯಿಗಳು ಹಳ್ಳಿಗಳಲ್ಲಿ ಇನ್ನೂ ಇವೆ. ನಿದ್ರೆಗೆಟ್ಟವನೂ ಚಿಂತೆಯಿಂದ ಎದೆ ಬಡಿದುಕೊಳ್ಳುವವನೂ ಅಲ್ಲಿಗೆ ಹೋಗಬಹುದು. ಅಷ್ಟು ದೂರ ಹೋಗಲಾಗದವನಿಗೆ 2022ರಿಂದ ಟೆಲಿ-ಮಾನಸ್ ಸೇವೆಯಿದೆ. 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ, ಹಣವಿಲ್ಲದೆ ಮಾತಾಡಬಹುದು.

ಇನ್ನು ಧನದ ಮಾತು. ತರುಣನ ಪಗಾರದ ಚೀಟಿಯಲ್ಲಿ ಪ್ರತಿ ತಿಂಗಳೂ ₹105 ಕಡಿತವಾಗುತ್ತಿತ್ತು. ಅದು ಹೋಯಿತೆಂದು ಅವನು ಮರುಗುತ್ತಿದ್ದನು. ಅದು ಹೋದುದಲ್ಲ, ಅವನ ಹೆಸರಿನಲ್ಲಿ ತೆರೆದ ಬಾಗಿಲು. 1948ರ ನೌಕರರ ರಾಜ್ಯ ವಿಮಾ ಕಾಯಿದೆಯ ಕೆಳಗೆ ನೂರಕ್ಕೆ 75 ಪೈಸೆಯನ್ನು ನೌಕರನೂ ₹3.25ನ್ನು ಧಣಿಯೂ ಕೊಡುವ ಏರ್ಪಾಡು 2019ರಲ್ಲಿ ಆಯಿತು. 2017ರಲ್ಲಿ ಗೊತ್ತುಪಡಿಸಿದ ಮಿತಿಯಂತೆ ₹21,000ದವರೆಗೆ ಪಗಾರವಿರುವವರು ಇದಕ್ಕೆ ಸೇರುವರು. ಹೀಗೆ ಸೇರಿದವನಿಗೆ ನೌಕರಿಯ ಮೊದಲ ದಿನದಿಂದಲೇ ಚಿಕಿತ್ಸೆಯ ಹಕ್ಕುಂಟು. ಕಾಯಂ ಆಗುವವರೆಗೆ ಕಾಯಬೇಕಿಲ್ಲ. ಅವನು ನಾಲ್ಕು ತಿಂಗಳು ಹಣ ತೆತ್ತು, ನಾಲ್ಕು ತಿಂಗಳೂ ಬಾಗಿಲಿನ ಹೊರಗೆ ಕುಳಿತಿದ್ದನು. ಹೇಳುವವರಿರಲಿಲ್ಲ; ಕೇಳಲು ಬಾಯಿ ಬರಲಿಲ್ಲ. ಹಾಗೆಯೇ ಸಾಲದ ಹೆಸರಿನಲ್ಲಿ ಮನೆಯ ಮುಂದೆ ನಿಂತು ಅವಮಾನಿಸುವುದನ್ನು ತಡೆಯಲು ರಾಜ್ಯವು 2025ರಲ್ಲಿ ಕಿರುಸಾಲಗಳ ಬಲವಂತದ ವಸೂಲಿಯ ವಿರುದ್ಧ ಕಾನೂನು ಮಾಡಿತು. ಕಾನೂನು ಸಾಲವನ್ನು ತೀರಿಸದು. ಆದರೆ ಸಾಲಗಾರನ ಮಾನಕ್ಕೆ ಕಾವಲು ಕೊಡುವುದು.

ಹಕ್ಕನ್ನು ಅರಿಯದವನಿಗೆ ಅರುಹುವುದು ಸಹ ದಾಸೋಹವೇ. ಈ ನಾಡಿನಲ್ಲಿ ದಾಸೋಹದ ಪರಂಪರೆಗೆ ಬಡತನವಿಲ್ಲ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ–ನವಲಗುಂದ ಸಂಸ್ಥಾನದ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯವನ್ನು ನಡೆಸಿದರು. ಕಲಿಯಲು ಪಟ್ಟಣಕ್ಕೆ ಬಂದ ಹಳ್ಳಿಯ ಹುಡುಗನು ಹಸಿದಿರಬಾರದೆಂಬ ಕಾಳಜಿ ಅದು. ದುಡಿಯಲು ಪಟ್ಟಣಕ್ಕೆ ಬಂದ ಹಳ್ಳಿಯ ಹುಡುಗನೂ ಹಸಿದಿರಬಾರದೆಂಬ ಕಾಳಜಿ ಇಂದಿನದಾಗಬೇಕು. ಊರಿನವರು ಅವನನ್ನು ಕಂಡಾಗ ಪಗಾರವೆಷ್ಟೆಂದು ಕೇಳುವ ಮೊದಲು ಊಟವಾಯಿತೇ, ನಿದ್ರೆ ಬರುವುದೇ ಎಂದು ಕೇಳಿದರೆ ಅದಕ್ಕೆ ಕಾಸೂ ತಗಲದು. ಧಣಿಯೂ ತನ್ನನ್ನು ತಾನು ವಿಚಾರಿಸಿಕೊಳ್ಳಬೇಕು. ಅಂಜಿಕೆಯಿಂದ ಕೂಡಿಸಿದ ಲೆಕ್ಕದಲ್ಲಿ ಒಂದು ಜೀವದ ನಿದ್ರೆ ಖರ್ಚಾಗಿದ್ದರೆ ಆ ಲೆಕ್ಕವು ಕೂಡಿತೆಂದು ಹೇಳುವುದು ಹೇಗೆ?

ತರುಣನ ಸಾಲವು ಇನ್ನೂ ತೀರಿಲ್ಲ. ಗೋದಾಮಿನ ಲೆಕ್ಕವೂ ಹಗುರಾಗಿಲ್ಲ. ಆದರೆ ಅವನು ಈಗ ರೊಟ್ಟಿಯ ಗಂಟನ್ನು ಜೊತೆಗೆ ಒಯ್ಯುವನು. ಲೆಕ್ಕ ತೊಡಕಾದಾಗ ಹಿರಿಯ ಗುಮಾಸ್ತನನ್ನು ಕೇಳುವನು. ರಾತ್ರಿ ಎದೆ ಬಡಿದುಕೊಂಡರೆ ತಾಯಿಗೆ ಫೋನು ಮಾಡುವನು. ತಂದೆಯು ಕಂತಿನ ಅರ್ಧವನ್ನು ಹೈನದ ಹಣದಿಂದ ಕಟ್ಟಲು ಒಪ್ಪಿರುವನು. ಒಬ್ಬನ ಹೆಗಲಿನ ಮೇಲಿದ್ದ ನೊಗವು ಮೂವರ ಹೆಗಲಿಗೆ ಬಂದಿದೆ. ಭಾರವು ಅಷ್ಟೇ ಇದ್ದರೂ ಹೊರುವ ಬಗೆ ಬೇರೆಯಾಗಿದೆ.

ಕಾಯವು ಶಿವನು ಕೊಟ್ಟ ಮೊದಲ ಮುಡಿಪು. ಅದನ್ನು ಉಳಿಸಿಕೊಂಡವನಿಗೆ ಕಾಯಕವುಂಟು, ಕಾಯಕವುಳ್ಳವನಿಗೆ ದಾಸೋಹವುಂಟು. ಬೇನೆಯನ್ನು ಹೇಳಿಕೊಳ್ಳುವ ಬಾಯಿಯನ್ನು ಬಳಲಿದವರಿಗೂ, ಅದನ್ನು ಆಲಿಸುವ ಕಿವಿಯನ್ನು ಬಳಿಯಲ್ಲಿದ್ದವರಿಗೂ ಪರಶಿವನು ಕರುಣಿಸಲಿ.